ಕ್ಯಾನ್ಸರ್ ರೋಗಿಗಳು ಮತ್ತು ಕ್ಲಿನಿಕಲ್ ಟ್ರಯಲ್: ಸಿಸ್ಟರ್ ಹತ್ತಿರ ಕೇಳಿ, ಸಿಸ್ಟರ್‌ಗೆ ಹೇಳಿ



ನಮ್ಮ ಆಸ್ಪತ್ರೆಯಿಂದ ಹುಬ್ಬಳ್ಳಿ, ಬೆಂಗಳೂರು, ಮುಂಬಯಿಯ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೋದವರಲ್ಲಿ ಕೆಲವರು ಮರಳಿ ಬರುವಾಗ ಒಂದು ದಪ್ಪ ಕಾಗದದ ಕಟ್ಟನ್ನು ತರುತ್ತಾರೆ. "ಸಿಸ್ಟರ್, ಅಲ್ಲಿ ಡಾಕ್ಟರು ಟ್ರಯಲ್‌ಗೆ ಸೇರ್ತೀರೇನು ಅಂತ ಕೇಳ್ಯಾರ. ಹಂಗಂದ್ರ ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ?" ಎಂದು ಅಂಜಿಕೆಯಿಂದ ಕೇಳುತ್ತಾರೆ. ಇನ್ನು ಕೆಲವರು "ಹೊಸ ಔಷಧ ಬಂದೈತಂತ, ಇನ್ನ ಪೂರಾ ಗುಣ ಆಗ್ತೈತಿ" ಎಂದು ಬಹಳ ಭರವಸೆಯಿಂದ ಹೇಳುತ್ತಾರೆ. ಈ ಅಂಜಿಕೆಯೂ ಪೂರ್ತಿ ಸರಿಯಲ್ಲ, ಆ ಭರವಸೆಯೂ ಪೂರ್ತಿ ಸರಿಯಲ್ಲ. ನಿಜ ಸಂಗತಿ ಏನು, ಟ್ರಯಲ್‌ನಲ್ಲಿ ನಿಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಏನು ಮಾಡುತ್ತಾರೆ, ನೀವು ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಿದ್ದೇವೆ. ಓದಲು ಬಾರದವರಿಗೆ ಮನೆಯವರು ಓದಿ ಹೇಳಬೇಕಾಗಿ ವಿನಂತಿ.

ಕ್ಲಿನಿಕಲ್ ಟ್ರಯಲ್ ಎಂದರೇನು?

ಒಂದು ಹೊಸ ಔಷಧ, ಶಸ್ತ್ರಚಿಕಿತ್ಸೆಯ ವಿಧಾನ ಅಥವಾ ಕರೆಂಟ್ ಕೊಡುವ ಕ್ರಮ ಈಗಿರುವುದಕ್ಕಿಂತ ಒಳ್ಳೆಯದೇ, ಅದರಿಂದ ಏನು ತೊಂದರೆ ಆಗಬಹುದು ಎಂದು ರೋಗಿಗಳ ಒಪ್ಪಿಗೆ ಪಡೆದು, ನಿಯಮಕ್ಕೆ ಅನುಸಾರವಾಗಿ ಪರೀಕ್ಷಿಸಿ ನೋಡುವುದಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

1ನೇ ಹಂತ: ಸ್ವಲ್ಪ ಜನರಿಗೆ ಔಷಧ ಕೊಟ್ಟು, ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ.
2ನೇ ಹಂತ: ಆ ಔಷಧಕ್ಕೆ ಗಡ್ಡೆ ಕರಗುತ್ತದೆಯೇ, ಕಾಯಿಲೆ ಹತೋಟಿಗೆ ಬರುತ್ತದೆಯೇ ಎಂದು ನೋಡುತ್ತಾರೆ.
3ನೇ ಹಂತ: ನೂರಾರು, ಕೆಲವೊಮ್ಮೆ ಸಾವಿರಾರು ರೋಗಿಗಳಲ್ಲಿ ಹೊಸ ಚಿಕಿತ್ಸೆಯನ್ನು ಈಗಿನ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ.
4ನೇ ಹಂತ: ಔಷಧ ಮಾರುಕಟ್ಟೆಗೆ ಬಂದ ಮೇಲೆ ಅದರ ಒಳಿತು ಕೆಡುಕುಗಳನ್ನು ಗಮನಿಸುತ್ತಾರೆ.

ನಿಮ್ಮನ್ನು ಕೇಳಿರುವುದು ಎಷ್ಟನೇ ಹಂತದ ಟ್ರಯಲ್‌ಗೆ ಎಂದು ಮೊದಲು ವಿಚಾರಿಸಿ. 1ನೇ ಹಂತಕ್ಕೂ 3ನೇ ಹಂತಕ್ಕೂ ಬಹಳ ವ್ಯತ್ಯಾಸವಿದೆ.

3ನೇ ಹಂತದಲ್ಲಿ ಸಾಮಾನ್ಯವಾಗಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ತಮಗೆ ಬೇಕಾದವರಿಗೆ ಹೊಸ ಔಷಧ ಕೊಟ್ಟರು ಎಂಬ ಮಾತು ಬರಬಾರದು, ಹೋಲಿಕೆ ನ್ಯಾಯವಾಗಿರಬೇಕು ಎಂಬುದೇ ಇದರ ಉದ್ದೇಶ. "ಹಾಗಾದರೆ ನಮಗೆ ಬರೀ ಸಕ್ಕರೆ ಗುಳಿಗೆ ಕೊಟ್ಟು ಕೂರಿಸುತ್ತಾರೆಯೇ?" ಎಂಬ ಪ್ರಶ್ನೆ ಬರುತ್ತದೆ. ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ ಔಷಧವಿಲ್ಲದ ಗುಳಿಗೆ ಕೊಡುವುದು ಸರಿಯಲ್ಲ. ಆದುದರಿಂದ ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡುವ ಚಿಕಿತ್ಸೆಯೇ ಸಿಗುತ್ತದೆ. ಇನ್ನೊಂದು ಗುಂಪಿಗೆ ಹೊಸ ಚಿಕಿತ್ಸೆ, ಅಥವಾ ಹಳೆಯದರ ಜೊತೆಗೆ ಹೊಸದು ಸಿಗುತ್ತದೆ.

ಇದರಿಂದ ಏನು ಪ್ರಯೋಜನ?

ನಮ್ಮ ಭಾಗದಲ್ಲಿ ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬಂದವರನ್ನು ನಾವು ದಿನವೂ ನೋಡುತ್ತೇವೆ. ಕಾಯಿಲೆ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ, ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆಯಬೇಕೇ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂಬ ಬಗ್ಗೆ ಹಿಂದೆ ವೈದ್ಯರಲ್ಲೇ ಎರಡು ಅಭಿಪ್ರಾಯವಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2004ರಿಂದ 2014ರವರೆಗೆ ಡಾ. ಅನಿಲ್ ಡಿ'ಕ್ರೂಜ್ ಅವರ ನೇತೃತ್ವದಲ್ಲಿ ಇದರ ಮೇಲೆ ಟ್ರಯಲ್ ನಡೆಯಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ. 80 ಜನ ಬದುಕಿದ್ದರು. ಕಾದು ನೋಡಿದವರಲ್ಲಿ ಬದುಕಿದ್ದವರು ಶೇ. 67.5. ಅಂದಿನಿಂದ ವೈದ್ಯರ ಸಂದೇಹ ಬಹುಮಟ್ಟಿಗೆ ಬಗೆಹರಿಯಿತು.

ಇನ್ನೊಂದು ಉದಾಹರಣೆ. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಹೇಗೆ ಎಂದು ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ತಂಡ 2011ರಿಂದ ಭಾರತದ 11 ಕ್ಯಾನ್ಸರ್ ಕೇಂದ್ರಗಳಲ್ಲಿ ಪರೀಕ್ಷಿಸಿತು. ಹಲ್ಲು ಕೀಳುವಾಗ ಕೊಡುವ, ಕಡಿಮೆ ಬೆಲೆಯ ಇಂಜೆಕ್ಷನ್ ಇದು. 1,583 ಮಹಿಳೆಯರ ಫಲಿತಾಂಶ ನೋಡಿದಾಗ, ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ಶೇ. 86.4, ಇಂಜೆಕ್ಷನ್ ಪಡೆದ ಗುಂಪಿನಲ್ಲಿ ಶೇ. 90.1. ಇದು 2023ರಲ್ಲಿ ಪ್ರಕಟವಾಯಿತು.

ಈ ಎರಡೂ ಟ್ರಯಲ್‌ಗಳಲ್ಲಿ ಸೇರಿದ್ದವರು ನಮ್ಮ ನಿಮ್ಮಂಥ ಜನರೇ. ಅವರು ಒಪ್ಪಿದ್ದರಿಂದ ಇಂದಿನ ರೋಗಿಗಳಿಗೆ ಪ್ರಯೋಜನವಾಗುತ್ತಿದೆ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಟ್ರಯಲ್‌ನ ಮುಖ್ಯ ಉದ್ದೇಶ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ನಿಮಗೆ ಲಾಭವಾಗಬಹುದು, ಆಗದೆಯೂ ಇರಬಹುದು. ಹೊಸದೆಂದ ಮಾತ್ರಕ್ಕೆ ಒಳ್ಳೆಯದೆಂದು ಅರ್ಥವಲ್ಲ. ಒಳ್ಳೆಯದೆಂದು ಮೊದಲೇ ಖಚಿತವಾಗಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ಯಾರಾದರೂ "ಖಂಡಿತ ಗುಣ ಆಗುತ್ತದೆ, ಸಹಿ ಮಾಡಿ" ಎಂದರೆ ಆ ಮಾತನ್ನು ನಂಬಬೇಡಿ.

ನಿಮ್ಮ ರಕ್ಷಣೆಗೆ ಇರುವ ನಿಯಮಗಳು

ಹಿಂದೆ ನಮ್ಮ ದೇಶದಲ್ಲಿ ರೋಗಿಗಳಿಗೆ ಸರಿಯಾಗಿ ತಿಳಿಸದೆ ಟ್ರಯಲ್ ನಡೆಸಿದ ದೂರುಗಳು ಬಂದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2013ರಲ್ಲಿ ನ್ಯಾಯಾಲಯ ಕಟ್ಟುನಿಟ್ಟಿನ ಸೂಚನೆಗಳನ್ನು ಕೊಟ್ಟಿತು. ನಂತರ ಕೇಂದ್ರ ಸರ್ಕಾರ 2019ರಲ್ಲಿ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ನೀವು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇವು:

1. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಟ್ರಯಲ್ ನಡೆಸುವಂತಿಲ್ಲ. ಈ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧಪಡದವರಾಗಿರಬೇಕು. ಕಾನೂನು ತಿಳಿದವರೊಬ್ಬರು, ಒಬ್ಬ ಮಹಿಳೆ, ವೈದ್ಯರಲ್ಲದ ಒಬ್ಬ ಸಾಮಾನ್ಯ ನಾಗರಿಕರು ಅದರಲ್ಲಿ ಇರಲೇಬೇಕು.

2. ಟ್ರಯಲ್ ಆರಂಭಕ್ಕೆ ಮೊದಲೇ ಅದನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪುಸ್ತಕವಾದ ಸಿ.ಟಿ.ಆರ್.ಐ.ನಲ್ಲಿ ದಾಖಲಿಸಬೇಕು. 2007ರಲ್ಲಿ ಆರಂಭವಾದ ಈ ನೋಂದಣಿ 2009ರ ಜೂನ್‌ನಿಂದ ಕಡ್ಡಾಯವಾಗಿದೆ. "ಈ ಟ್ರಯಲ್‌ನ ಸಿ.ಟಿ.ಆರ್.ಐ. ನಂಬರ್ ಏನು?" ಎಂದು ನೀವು ಕೇಳಬಹುದು. ಸಾರ್ವಜನಿಕರು ಯಾರು ಬೇಕಾದರೂ ಅದನ್ನು ನೋಡಬಹುದು.

3. ಹೊಸ ಔಷಧದ ಟ್ರಯಲ್ ನಡೆಯುವಾಗ ನಿಮಗೆ ತೊಂದರೆಯಾದರೆ, ವೈದ್ಯರ ಅಭಿಪ್ರಾಯದಂತೆ ಬೇಕಿರುವಷ್ಟು ಕಾಲ, ಅಥವಾ ಆ ತೊಂದರೆ ಟ್ರಯಲ್‌ಗೆ ಸಂಬಂಧಿಸಿದ್ದಲ್ಲ ಎಂದು ತೀರ್ಮಾನವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಟ್ರಯಲ್‌ನಿಂದಲೇ ಹಾನಿಯಾಯಿತು ಎಂದು ಕಂಡುಬಂದರೆ ಪರಿಹಾರ ಧನವನ್ನೂ ಕೊಡಬೇಕು.

4. ನೀವು ಯಾವಾಗ ಬೇಕಾದರೂ ಟ್ರಯಲ್‌ನಿಂದ ಹೊರಬರಬಹುದು. ಇದಕ್ಕೆ ಕಾರಣ ಹೇಳಬೇಕೆಂದಿಲ್ಲ. ಹೊರಬಂದ ಮೇಲೂ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.

ಸಹಿ ಮಾಡುವ ಮುನ್ನ

ಒಪ್ಪಿಗೆ ಪತ್ರ ಎಂದರೆ ಕೊನೆಯ ಪುಟದ ಸಹಿ ಮಾತ್ರ ಅಲ್ಲ. ಮೊದಲು ಮಾಹಿತಿ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ಅರ್ಥವಾಗುವಂತೆ ವಿವರಿಸಬೇಕು, ಯೋಚಿಸಲು ಸಮಯ ಕೊಡಬೇಕು. ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ. ಓದಲು ಬಾರದವರಿದ್ದರೆ, ಟ್ರಯಲ್ ನಡೆಸುವ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಜೊತೆಗಿದ್ದು ಸಹಿ ಮಾಡಬೇಕು. ಆಮೇಲೆ ರೋಗಿಯ ಹೆಬ್ಬೆಟ್ಟಿನ ಗುರುತು ಪಡೆಯಬಹುದು. ಹಿಂದೆಂದೂ ಬಳಸದ ಹೊಚ್ಚ ಹೊಸ ಔಷಧವಾಗಿದ್ದು, ರೋಗಿ ಬಡತನ ಅಥವಾ ಗುಣವಾಗದ ಕಾಯಿಲೆಯಂಥ ಅಸಹಾಯಕ ಸ್ಥಿತಿಯಲ್ಲಿದ್ದರೆ, ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕೆಂಬ ನಿಯಮವಿದೆ. ಕ್ಯಾಮೆರಾ ಕಂಡು ಗಾಬರಿಯಾಗಬೇಡಿ, ಅದು ಇರುವುದು ನಿಮ್ಮ ರಕ್ಷಣೆಗಾಗಿ.

ಒಪ್ಪಿಗೆ ಪತ್ರದಲ್ಲಿ ನಿಮ್ಮ ಉದ್ಯೋಗ, ವರ್ಷದ ಆದಾಯ, ನಾಮಿನಿಯ ಹೆಸರು ಮತ್ತು ವಿಳಾಸ ಕೇಳುತ್ತಾರೆ. "ನಾಮಿನಿ ಹೆಸರು ಯಾಕ ಕೇಳ್ತಾರ? ಸಾಯೋದು ಖಾತ್ರಿ ಅಂತನಾ?" ಎಂದು ಕಣ್ಣೀರು ಹಾಕಿದವರಿದ್ದಾರೆ. ಹಾಗೇನೂ ಇಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನಾಮಿನಿ ಬರೆಸುವ ಹಾಗೆಯೇ ಇದು. ಮುಂದೆ ಪರಿಹಾರದ ಪ್ರಶ್ನೆ ಬಂದರೆ ಕುಟುಂಬ ಅಲೆದಾಡಬಾರದು ಎಂದು ಮೊದಲೇ ಬರೆಸಿಕೊಳ್ಳುತ್ತಾರೆ. ವಿವರಗಳನ್ನು ಸರಿಯಾಗಿ ಬರೆಸಿ.

ಸಹಿಗೆ ಮುನ್ನ ಈ ಪ್ರಶ್ನೆಗಳನ್ನು ಕೇಳಿ. ಬೇಕಾದರೆ ಈ ಪುಟವನ್ನೇ ತೆಗೆದುಕೊಂಡು ಹೋಗಿ:

* ಈ ಟ್ರಯಲ್ ಎಷ್ಟನೇ ಹಂತದ್ದು? ಇದರಲ್ಲಿ ಏನನ್ನು ತಿಳಿಯಲು ಹೊರಟಿದ್ದೀರಿ?
* ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ?
* ಈವರೆಗೆ ಈ ಔಷಧದಿಂದ ಯಾವ ತೊಂದರೆಗಳು ಕಂಡುಬಂದಿವೆ?
* ಎಷ್ಟು ಸಲ ಬರಬೇಕು? ಎಷ್ಟು ಸಲ ರಕ್ತ ಕೊಡಬೇಕು? ಮತ್ತೆ ಗಡ್ಡೆಯ ಚೂರು ತೆಗೆಯುತ್ತೀರಾ?
* ಔಷಧ, ಸ್ಕ್ಯಾನ್, ರಕ್ತ ಪರೀಕ್ಷೆಗಳಲ್ಲಿ ಯಾವುದು ಉಚಿತ? ಯಾವುದಕ್ಕೆ ನಾವು ದುಡ್ಡು ಕೊಡಬೇಕು? ಬಸ್ಸಿನ ಖರ್ಚು ಕೊಡುತ್ತೀರಾ?
* ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?
* ಟ್ರಯಲ್ ಮುಗಿದ ಮೇಲೆ, ಔಷಧ ನನಗೆ ಹಿಡಿಸಿದ್ದರೆ ಅದು ಮುಂದೆಯೂ ಸಿಗುತ್ತದೆಯೇ?

ಉತ್ತರಗಳನ್ನು ಬರೆದುಕೊಳ್ಳಿ. ಸಹಿಯಾದ ಪತ್ರದ ಒಂದು ಪ್ರತಿ ನಿಮಗೆ ಸಿಗಲೇಬೇಕು. ಅದರಲ್ಲಿ ಮುಖ್ಯ ವೈದ್ಯರ ಮತ್ತು ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರುತ್ತದೆ. ಅದನ್ನು ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆ ಜೋಪಾನವಾಗಿಡಿ.

ಡಾಕ್ಟರ ಮುಂದೆ ಬಾಯಿ ಬರುವುದಿಲ್ಲ ಎಂದು ಹಲವರು ಹೇಳುತ್ತಾರೆ. ದೊಡ್ಡ ಆಸ್ಪತ್ರೆಯ ಗದ್ದಲದಲ್ಲಿ ಅದು ಸಹಜ. ಅಂಥವರು ರಿಸರ್ಚ್ ಸಿಸ್ಟರ್ ಹತ್ತಿರ ಕುಳಿತು ಕೇಳಿ. ಅವರು ಎಲ್ಲ ವಿವರಿಸಿದ ಮೇಲೆ "ಈಗ ನೀವು ನಿಮ್ಮ ಮಾತಿನಲ್ಲಿ ಹೇಳಿ ನೋಡೋಣ" ಎನ್ನಬಹುದು. ಅದು ನಿಮ್ಮನ್ನು ಪರೀಕ್ಷೆ ಮಾಡುವುದಕ್ಕಲ್ಲ. ತಾವು ಸರಿಯಾಗಿ ವಿವರಿಸಿದ್ದೇವೆಯೇ ಎಂದು ನೋಡಿಕೊಳ್ಳುವುದಕ್ಕೆ.

ರೋಗಿಗೆ ಹೇಳದೆ ಟ್ರಯಲ್‌ಗೆ ಸೇರಿಸಬಹುದೇ?

"ಸಿಸ್ಟರ್, ನಮ್ಮಪ್ಪಗ ಕ್ಯಾನ್ಸರ್ ಅಂತ ಗೊತ್ತಿಲ್ಲ. ಬರೀ ಗಂಟು ಅಂತ ಹೇಳೀವಿ. ನೀವೂ ಹೇಳಬ್ಯಾಡ್ರಿ, ಎದಿ ಒಡಕೊಂತಾರ. ಸಹಿ ಬೇಕಾದ್ರ ನಾನ ಮಾಡ್ತೀನಿ." ಇಂಥ ಮಾತು ನಮ್ಮ ವಾರ್ಡಿನಲ್ಲಿ ಆಗಾಗ ಕೇಳಿಬರುತ್ತದೆ. ಇದರ ಹಿಂದೆ ಇರುವುದು ಪ್ರೀತಿ ಎಂದು ನಮಗೆ ಗೊತ್ತು. ಆದರೆ ಟ್ರಯಲ್ ವಿಷಯದಲ್ಲಿ ಇದು ನಡೆಯುವುದಿಲ್ಲ. ಎಚ್ಚರವಿದ್ದು, ಬುದ್ಧಿ ಸ್ಥಿಮಿತದಲ್ಲಿದ್ದು, ತಮ್ಮ ನಿರ್ಧಾರ ತಾವೇ ಮಾಡಬಲ್ಲ ಹಿರಿಯರ ಪರವಾಗಿ ಮಗನಾಗಲಿ, ಗಂಡನಾಗಲಿ, ಅಣ್ಣನಾಗಲಿ ಸಹಿ ಮಾಡುವಂತಿಲ್ಲ. ಎಚ್ಚರ ತಪ್ಪಿದವರು, ನಿರ್ಧಾರ ಮಾಡಲಾಗದ ಸ್ಥಿತಿಯಲ್ಲಿರುವವರು ಮತ್ತು ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನಿನಂತೆ ಹಕ್ಕುಳ್ಳ ಸಂಬಂಧಿಕರು ಅಥವಾ ತಂದೆತಾಯಿ ಒಪ್ಪಿಗೆ ಕೊಡಬಹುದು. 7 ವರ್ಷ ದಾಟಿದ ಮಗುವಾದರೆ ಅದಕ್ಕೂ ಅರ್ಥವಾಗುವಂತೆ ಹೇಳಿ ಅದರ ಸಮ್ಮತಿ ಕೇಳಬೇಕು.

ಇದು ಕೇವಲ ಕಾಗದದ ನಿಯಮವಲ್ಲ. ತನಗೆ ಏನು ಕೊಡುತ್ತಿದ್ದಾರೆ ಎಂದು ತಿಳಿಯದ ರೋಗಿ, ತನಗೆ ಏನಾಗುತ್ತಿದೆ ಎಂದು ಹೇಳುವುದಾದರೂ ಹೇಗೆ? "ಗಂಟಿನ ಗುಳಿಗೆ" ಎಂದು ನುಂಗಿದವರು ವಾಂತಿಯಾದರೆ ಗುಳಿಗೆ ಬಿಟ್ಟುಬಿಡುತ್ತಾರೆ, ಜ್ವರ ಬಂದರೆ ಊರಿನಲ್ಲಿ ಸೂಜಿ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಕೊನೆಗೆ ಹಾನಿಯಾಗುವುದು ಅವರಿಗೇ.

ಹೇಗೆ ಹೇಳಬೇಕೆಂದು ತೋಚದಿದ್ದರೆ ನಮ್ಮ ಸಹಾಯ ಕೇಳಿ. ಒಂದೇ ಸಲಕ್ಕೆ ಎಲ್ಲವನ್ನೂ ಹೇಳಬೇಕೆಂದಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಅನಿಸಿದೆ? ಎಷ್ಟು ತಿಳಿಯಬೇಕು ಅನಿಸುತ್ತದೆ?" ಎಂದು ಮೊದಲು ರೋಗಿಯನ್ನೇ ಕೇಳುತ್ತೇವೆ. ಬಹಳಷ್ಟು ಹಿರಿಯರು ಅಷ್ಟರಲ್ಲಿ ತಾವೇ ಊಹಿಸಿರುತ್ತಾರೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರು ಸುಮ್ಮನಿರುತ್ತಾರೆ, ಅವರು ನೊಂದುಕೊಳ್ಳುತ್ತಾರೆಂದು ಮಕ್ಕಳು ಸುಮ್ಮನಿರುತ್ತಾರೆ.

ಟ್ರಯಲ್‌ನಲ್ಲಿ ಸಿಸ್ಟರ್ ಕೆಲಸ ಏನು?

ಡಾಕ್ಟರು ನಿಮ್ಮನ್ನು ಭೇಟಿಯ ದಿನ ಸ್ವಲ್ಪ ಹೊತ್ತು ನೋಡುತ್ತಾರೆ. ಉಳಿದ ಹೊತ್ತೆಲ್ಲ ನಿಮ್ಮ ಜೊತೆ ಇರುವವರು ಸಿಸ್ಟರ್. ಪ್ರತಿ ಭೇಟಿಯಲ್ಲೂ ಅವರು ನಿಮ್ಮ ತೂಕ, ಬಿ.ಪಿ., ನಾಡಿ, ಜ್ವರ ನೋಡಿ ಬರೆಯುತ್ತಾರೆ. ಹೆಸರು ಮತ್ತು ನಂಬರ್ ಕೇಳಿ ಖಚಿತ ಮಾಡಿಕೊಂಡೇ ಔಷಧ ಕೊಡುತ್ತಾರೆ. ಮತ್ತೆ ಮತ್ತೆ ಹೆಸರು ಕೇಳಿದರೆಂದು ಬೇಸರ ಮಾಡಿಕೊಳ್ಳಬೇಡಿ.

ಸಲೈನ್ ಮೂಲಕ ಔಷಧ ಹೋಗುವಾಗ ಚಳಿ ನಡುಕ, ಮೈ ಕೆರೆತ, ಎದೆ ಬಿಗಿತ, ಉಸಿರು ಕಟ್ಟಿದಂತಾಗುವುದು, ಬೆನ್ನು ನೋವು ಶುರುವಾದರೆ ಆ ಕ್ಷಣವೇ ಸಿಸ್ಟರನ್ನು ಕೂಗಿ. ಸೂಜಿ ಹಾಕಿದ ಜಾಗದಲ್ಲಿ ಉರಿ, ಊತ ಬಂದರೂ ಹೇಳಿ. ಕೆಲವು ಕೀಮೋ ಔಷಧಗಳು ನರದಿಂದ ಹೊರಗೆ ಸೋರಿದರೆ ಅಲ್ಲಿಯ ಚರ್ಮ, ಮಾಂಸ ಸುಟ್ಟು ಹುಣ್ಣಾಗುತ್ತದೆ. "ಇನ್ನ ಸ್ವಲ್ಪ ಐತಿ, ಮುಗೀಲಿ" ಎಂದು ಸಹಿಸಿಕೊಳ್ಳಬೇಡಿ.

ಕೆಲವು ಟ್ರಯಲ್‌ಗಳಲ್ಲಿ ಔಷಧ ಕೊಟ್ಟ ಮೇಲೆ ಗಂಟೆಗೊಂದು ಸಲ ರಕ್ತ ತೆಗೆಯುತ್ತಾರೆ. ಔಷಧ ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಯಲು ಇದು ಬೇಕು. "ರಕ್ತ ಎಲ್ಲಾ ಹೀರ್ತಾರ" ಎಂಬ ಭಯ ಬೇಡ. ಒಂದು ಸಲಕ್ಕೆ 5 ಮಿ.ಲೀ. ತೆಗೆದರೆ ಅದು ಒಂದು ಚಹಾ ಚಮಚದಷ್ಟು. ಒಟ್ಟು ಎಷ್ಟು ತೆಗೆಯುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಮಾತ್ರೆ ಮತ್ತು ಡೈರಿ

ಮನೆಗೆ ಮಾತ್ರೆ ಕೊಟ್ಟರೆ ಜೊತೆಗೆ ಒಂದು ಡೈರಿಯನ್ನೂ ಕೊಡುತ್ತಾರೆ. ಮಾತ್ರೆ ನುಂಗಿದ ದಿನ, ಹೊತ್ತು ಮತ್ತು ಆದ ತೊಂದರೆಗಳನ್ನು ಅದರಲ್ಲಿ ಬರೆಯಬೇಕು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಬರೆಸಿ. ನೆನಪಿಡಬೇಕಾದ ಸಂಗತಿಗಳು:

1. ಖಾಲಿ ಪಟ್ಟಿ, ಉಳಿದ ಮಾತ್ರೆ, ಡಬ್ಬಿ ಏನನ್ನೂ ಎಸೆಯಬೇಡಿ. ಮುಂದಿನ ಭೇಟಿಗೆ ಎಲ್ಲವನ್ನೂ ತನ್ನಿ. ಸಿಸ್ಟರ್ ಎಣಿಸಿ ನೋಡುತ್ತಾರೆ.
2. ಒಂದು ಹೊತ್ತು ಮರೆತರೆ ಮರುಹೊತ್ತು ಎರಡು ನುಂಗಬೇಡಿ. ವಾಂತಿಯಲ್ಲಿ ಮಾತ್ರೆ ಹೋದರೆ ನೀವಾಗಿಯೇ ಇನ್ನೊಂದು ನುಂಗಬೇಡಿ. ಬರೆದಿಟ್ಟು ಫೋನ್ ಮಾಡಿ ಕೇಳಿ.
3. ಮರೆತಿದ್ದರೆ ಮರೆತೆ ಎಂದೇ ಬರೆಯಿರಿ. ಸಿಸ್ಟರ್ ಬೈಯುತ್ತಾರೆಂದು ಎಲ್ಲ ದಿನಕ್ಕೂ ಟಿಕ್ ಹಾಕಬೇಡಿ. ಸುಳ್ಳು ಟಿಕ್‌ನಿಂದ ನಿಮ್ಮ ಔಷಧದ ಪ್ರಮಾಣವೇ ತಪ್ಪಾಗಿ ನಿಗದಿಯಾಗಬಹುದು.
4. ಕೆಲವು ಮಾತ್ರೆಗಳನ್ನು ಊಟವಾದ ಅರ್ಧ ಗಂಟೆಯೊಳಗೆ, ಕೆಲವನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸ ಮಾಡುವವರು ಮೊದಲೇ ಸಿಸ್ಟರ್‌ಗೆ ಹೇಳಿ.
5. ಕಷಾಯ, ಭಸ್ಮ, ಅಮೃತಬಳ್ಳಿ, ಊರಿನ ಗಿಡಮೂಲಿಕೆ ಔಷಧ ಏನೇ ತೆಗೆದುಕೊಳ್ಳುತ್ತಿದ್ದರೂ ತಿಳಿಸಿ. ಕೆಲವು ಟ್ರಯಲ್ ಔಷಧಗಳೊಂದಿಗೆ ಸೇರಿ ಲಿವರ್‌ಗೆ ತೊಂದರೆಯಾಗಬಹುದು. ಚಕ್ಕೋತದಂಥ ಹಣ್ಣೂ ಕೆಲವು ಮಾತ್ರೆಗಳಿಗೆ ಆಗಿಬರುವುದಿಲ್ಲ.
6. ಟ್ರಯಲ್ ಮಾತ್ರೆಯನ್ನು ಅದೇ ಕಾಯಿಲೆಯ ಬೇರೆಯವರಿಗೆ, ಎಷ್ಟೇ ಹತ್ತಿರದವರಾದರೂ, ಕೊಡಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ.
7. ಗಂಡ ಹೆಂಡತಿ ಇಬ್ಬರೂ ಗಮನಿಸಿ: ಟ್ರಯಲ್ ನಡೆಯುವಾಗ ಗರ್ಭ ನಿಂತರೆ ಮಗುವಿಗೆ ಹಾನಿಯಾಗಬಹುದು. ಯಾವ ಗರ್ಭನಿರೋಧಕ, ಎಷ್ಟು ದಿನ ಎಂದು ನಾಚಿಕೆ ಬಿಟ್ಟು ಕೇಳಿ.

ತೊಂದರೆಯನ್ನು ಮುಚ್ಚಿಡಬೇಡಿ

ಇದು ಈ ಲೇಖನದ ಅತಿ ಮುಖ್ಯ ಭಾಗ.

ಒಬ್ಬ ತಾಯಿ ಕೈಕಾಲು ಜೋಮು ಹಿಡಿದು ಚಪ್ಪಲಿ ಜಾರಿ ಬೀಳುವಂತಾಗಿದ್ದರೂ ಯಾರಿಗೂ ಹೇಳಿರಲಿಲ್ಲ. ಬ್ಲೌಸಿನ ಗುಂಡಿ ಹಾಕಲು ಬಾರದೆ ಸೊಸೆಯನ್ನು ಕರೆಯುವಾಗ ಮನೆಯವರಿಗೆ ಗೊತ್ತಾಯಿತು. ಯಾಕಮ್ಮಾ ಹೇಳಲಿಲ್ಲ ಎಂದರೆ, "ಹೇಳಿದ್ರ ಟ್ರಯಲ್‌ನಿಂದ ತೆಗೀತಾರ, ಔಷಧ ನಿಲ್ಲಸ್ತಾರ ಅಂತ ಅಂಜಿದ್ಯ್ರಿ" ಎಂದರು. ಹೀಗೆ ಅಂಜುವವರು ಬಹಳ ಜನ.

ನಿಜ ಸಂಗತಿ ಬೇರೆ. ಪ್ರತಿ ತೊಂದರೆಯನ್ನೂ 1ರಿಂದ 5ರವರೆಗೆ ಅಳೆಯುವ ಪದ್ಧತಿ ಇದೆ. 1 ಎಂದರೆ ಅಲ್ಪ, 2 ಎಂದರೆ ಮಧ್ಯಮ, 3 ಎಂದರೆ ಜೋರು, 4 ಎಂದರೆ ಜೀವಕ್ಕೆ ಅಪಾಯ, 5 ಎಂದರೆ ಮರಣ. ಹಂತ 1 ಅಥವಾ 2ರಲ್ಲಿ ಹೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಬೇರೆ ಮಾತ್ರೆ ಕೊಟ್ಟೋ, ಪ್ರಮಾಣ ಕಡಿಮೆ ಮಾಡಿಯೋ, ಒಂದೆರಡು ವಾರ ವಿರಾಮ ಕೊಟ್ಟೋ ಔಷಧ ಮುಂದುವರಿಸಬಹುದು. ಮುಚ್ಚಿಟ್ಟು ಅದು 3 ಅಥವಾ 4ಕ್ಕೆ ಏರಿದ ಮೇಲೆ ಔಷಧ ಪೂರ್ತಿ ನಿಲ್ಲಿಸಬೇಕಾಗಿ ಬರಬಹುದು. ಅಂದರೆ ಯಾವುದಕ್ಕೆ ಅಂಜಿ ಮುಚ್ಚಿಟ್ಟಿರೋ ಅದೇ ಆಗುತ್ತದೆ.

ಇನ್ನೊಂದು ವಿಷಯ. ನೀವು ಹೇಳದ ತೊಂದರೆ ದಾಖಲೆಯಲ್ಲಿ ಬರುವುದಿಲ್ಲ. ಆಗ ಆ ಔಷಧದಿಂದ ಕೈಕಾಲು ಜೋಮು ಬರುವುದಿಲ್ಲ ಎಂದೇ ಲೆಕ್ಕವಾಗುತ್ತದೆ. ನಾಳೆ ಅದೇ ಔಷಧ ತೆಗೆದುಕೊಳ್ಳುವ ಇನ್ನೊಬ್ಬ ತಾಯಿಗೆ ಯಾರೂ ಎಚ್ಚರಿಕೆ ಕೊಡುವುದಿಲ್ಲ.

ಮಲ ವಿಸರ್ಜನೆ, ಮುಟ್ಟು, ಮೂತ್ರ, ದಾಂಪತ್ಯದ ತೊಂದರೆಗಳನ್ನು ಹೇಳಲು ಸಂಕೋಚವಾಗುವುದು ಸಹಜ. ನರ್ಸ್‌ಗಳಿಗೆ ಇವು ದಿನನಿತ್ಯದ ಮಾತು. ಬೇರೆಯವರ ಎದುರು ಬೇಡವೆಂದರೆ ಪಕ್ಕಕ್ಕೆ ಕರೆದು ಹೇಳಿ. ಮನಸ್ಸು ಕುಗ್ಗಿದೆ, ನಿದ್ದೆ ಇಲ್ಲ, ಬದುಕು ಸಾಕಾಗಿದೆ ಎನಿಸಿದರೂ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ತಡಮಾಡದೆ ತಿಳಿಸಬೇಕಾದವು

ಕೆಳಗಿನವುಗಳಲ್ಲಿ ಯಾವುದೇ ಆದರೂ ಬೆಳಗಾಗುವವರೆಗೆ ಕಾಯಬೇಡಿ:

* 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ, ಚಳಿ ನಡುಕ. ಕೀಮೋ ಆದ ಸುಮಾರು 7ರಿಂದ 14 ದಿನಗಳಲ್ಲಿ ಬಿಳಿ ರಕ್ತಕಣ ಬಹಳ ಕಡಿಮೆಯಾಗಿರುತ್ತದೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ತರಬಹುದು. ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೇ ಇರುತ್ತದೆ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.
* ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲಕ್ಕೂ ಹೆಚ್ಚು ಭೇದಿ, ಅಥವಾ ಮಲದಲ್ಲಿ ರಕ್ತ.
* ನೀರೂ ನಿಲ್ಲದಂಥ ವಾಂತಿ.
* ಹೊಸದಾಗಿ ಬಂದ ಕೆಮ್ಮು, ದಮ್ಮು, ಎದೆನೋವು.
* ಮೈಮೇಲೆ ಗುಳ್ಳೆ, ಚರ್ಮ ಸುಲಿಯುವುದು, ಕಣ್ಣು ಹಳದಿಯಾಗುವುದು.
* ಮೂಗು, ಒಸಡಿನಿಂದ ನಿಲ್ಲದ ರಕ್ತ.
* ಏನೂ ತಿನ್ನಲಾಗದಷ್ಟು ಬಾಯಿ ಹುಣ್ಣು. ಹುಣ್ಣು ಶುರುವಾದಾಗಲೇ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಿ.
* ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು.

ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೊಥೆರಪಿ ಎಂಬ ಹೊಸ ಬಗೆಯ ಔಷಧಗಳಲ್ಲಿ ಭೇದಿ ಮತ್ತು ಕೆಮ್ಮು ಬಹಳ ಮುಖ್ಯ. ಇವು ಔಷಧ ನಿಲ್ಲಿಸಿದ ತಿಂಗಳುಗಳ ನಂತರವೂ ಬರಬಹುದು. ಅದನ್ನು ಮಾಮೂಲಿ ಹೊಟ್ಟೆ ಕೆಟ್ಟದ್ದು ಎಂದು ತಿಳಿದು ಅಂಗಡಿಯ ಗುಳಿಗೆ ನುಂಗಬೇಡಿ.

ನಮ್ಮ ಆಸ್ಪತ್ರೆಗೆ ಬಂದಾಗ

ಬೆಂಗಳೂರು, ಮುಂಬಯಿ ದೂರ. ರಾತ್ರಿ ಹೊತ್ತು ತೊಂದರೆಯಾದರೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಬರುವುದೇ ಸರಿ. ಆದರೆ ಬಂದ ಕೂಡಲೇ, ಯಾರೂ ಕೇಳದಿದ್ದರೂ, "ನಾವು ಟ್ರಯಲ್‌ನಲ್ಲಿದ್ದೇವೆ" ಎಂದು ಹೇಳಿ. ಟ್ರಯಲ್ ಕೇಂದ್ರದವರು ಕೊಟ್ಟ ಸಣ್ಣ ಕಾರ್ಡ್, ಒಪ್ಪಿಗೆ ಪತ್ರದ ಪ್ರತಿ ಮತ್ತು ಡೈರಿ ತೋರಿಸಿ. ಯಾವ ಔಷಧ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ನಮ್ಮ ವೈದ್ಯರು ಅಲ್ಲಿಯವರೊಡನೆ ಫೋನಿನಲ್ಲಿ ಮಾತನಾಡುತ್ತಾರೆ.

ಒಂದು ರಾತ್ರಿ ದಾಖಲಾದರೂ ಅದನ್ನು ಟ್ರಯಲ್ ಕೇಂದ್ರಕ್ಕೆ ಅಂದೇ ತಿಳಿಸಬೇಕು. ಆಸ್ಪತ್ರೆಗೆ ದಾಖಲಾಗುವುದು ನಿಯಮದ ಪ್ರಕಾರ ಗಂಭೀರ ಘಟನೆ. ಅಲ್ಲಿಯ ವೈದ್ಯರು ಅದನ್ನು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಟ್ರಯಲ್ ನಡೆಸುವ ಸಂಸ್ಥೆಗೆ ಮತ್ತು ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ನಿಮ್ಮ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಹಕ್ಕು ಕೂಡ ಈ ವರದಿಯನ್ನೇ ಅವಲಂಬಿಸಿದೆ. ಬಿಲ್ಲು, ಡಿಸ್ಚಾರ್ಜ್ ಕಾರ್ಡ್, ರಕ್ತ ಪರೀಕ್ಷೆಯ ವರದಿಗಳನ್ನು ಕಳೆಯಬೇಡಿ.

ಬಂಧುಗಳಿಗೆ ಎರಡು ಮಾತು

ರೋಗಿಯ ಜೊತೆ ಪ್ರತಿ ಸಲ ಬೇರೆ ಬೇರೆಯವರು ಹೋದರೆ ಹಿಂದಿನ ಸಲ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಸಾಧ್ಯವಾದಷ್ಟು ಒಬ್ಬರೇ ಹೋಗಿ. ಸಿಸ್ಟರ್ ರೋಗಿಯನ್ನು ಕೇಳಿದಾಗ ನೀವೇ ಉತ್ತರ ಕೊಡಬೇಡಿ. ಮೊದಲು ಅವರು ಹೇಳಲಿ, ಬಿಟ್ಟುಹೋದದ್ದನ್ನು ನೀವು ಸೇರಿಸಿ. ಕೀಮೋ ಆದ 48 ಗಂಟೆಗಳವರೆಗೆ ರೋಗಿಯ ವಾಂತಿ, ಮಲ ಮೂತ್ರ ತೆಗೆಯುವಾಗ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಗರ್ಭಿಣಿಯರು ಆ ಕೆಲಸ ಮಾಡಬಾರದು. ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿ, ಮಲಗಿ. ಆರೈಕೆ ಮಾಡುವವರು ಕುಸಿದರೆ ರೋಗಿಗೆ ಆಸರೆ ಯಾರು?

ಹೊರಬರಬೇಕು ಎನಿಸಿದರೆ

ಹೊರಬರುವುದು ನಿಮ್ಮ ಹಕ್ಕು. ಆದರೆ ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಬೇಡಿ. ಕೆಲವು ಔಷಧಗಳನ್ನು ಒಮ್ಮೆಗೇ ಬಿಟ್ಟರೆ ಅಪಾಯ. ಸಿಸ್ಟರ್‌ಗೆ ಫೋನ್ ಮಾಡಿ "ನಾವು ಮುಂದುವರಿಸುವುದಿಲ್ಲ" ಎಂದರೆ ಸಾಕು. ಕೊನೆಯದಾಗಿ ಒಂದು ತಪಾಸಣೆ ಮಾಡಿ, ಮುಂದಿನ ಚಿಕಿತ್ಸೆ ಏನೆಂದು ತಿಳಿಸುತ್ತಾರೆ. ಬಹಳ ಸಲ ದೂರ, ಬಸ್ ಖರ್ಚು, ಸುಗ್ಗಿ ಕೆಲಸದ ಕಾರಣಕ್ಕೆ ಜನ ಬಿಡುತ್ತಾರೆ. ಅದನ್ನೂ ಹೇಳಿ ನೋಡಿ. ಭೇಟಿಯ ದಿನವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಲು, ಕೆಲವು ರಕ್ತ ಪರೀಕ್ಷೆಗಳನ್ನು ಇಲ್ಲೇ ಮಾಡಿಸಲು ಅವಕಾಶ ಇರಬಹುದು.

ಟ್ರಯಲ್‌ಗೆ ಸೇರುವುದೂ ತಪ್ಪಲ್ಲ, ಬೇಡವೆನ್ನುವುದೂ ತಪ್ಪಲ್ಲ. ತಿಳಿದುಕೊಂಡು ನಿರ್ಧಾರ ಮಾಡಿ. ಸೇರಿದ ಮೇಲೆ ತೊಂದರೆ ಸಣ್ಣದಿರಲಿ ದೊಡ್ಡದಿರಲಿ, ಅಂದಿನದನ್ನು ಅಂದೇ ಹೇಳಿ. ಟ್ರಯಲ್ ಬಗ್ಗೆ ನಿಮ್ಮಲ್ಲಿರುವ ಕಾಗದಗಳು ಅರ್ಥವಾಗದಿದ್ದರೆ ಹೊರರೋಗಿ ವಿಭಾಗದ ಸಿಸ್ಟರ್ ಹತ್ತಿರ ತನ್ನಿ, ಕುಳಿತು ಓದಿ ಹೇಳುತ್ತೇವೆ. ಎಲ್ಲರೂ ಬೇಗ ಗುಣಮುಖರಾಗಿ ನೆಮ್ಮದಿಯಿಂದ ಮನೆಗೆ ಮರಳಲಿ ಎಂದು ಹಾರೈಸುತ್ತೇವೆ.